ಹೊಂದಿಕೊಂಡು ಹೋಗು ಎನ್ನುವುದು ಸಮಾಲೋಚನೆಯಲ್ಲ

ಮದುವೆ ಮಾಡಿಸುವುದರಲ್ಲಿ ನಮ್ಮ ಮಠಗಳಿಗೆ ಸಾಟಿಯಿಲ್ಲ. ಜಾತ್ರೆಯಿರಲಿ, ಶರಣ ಸಂಗಮವಿರಲಿ, ಪೂಜ್ಯರ ಪುಣ್ಯಸ್ಮರಣೆಯಿರಲಿ, ಸಾಮೂಹಿಕ ಕಲ್ಯಾಣ ಮಹೋತ್ಸವ ಇದ್ದೇ ಇರುತ್ತದೆ. ಬಡವರ ತಲೆಯ ಮೇಲಿನ ಮದುವೆ ಸಾಲವನ್ನು ಇಳಿಸಿದ್ದು, ಪಂಚಾಂಗ, ಮುಹೂರ್ತ, ಜಾತಕಗಳ ಕಾಟದಿಂದ ಬಿಡಿಸಿದ್ದು, ವರದಕ್ಷಿಣೆ ಬೇಡವೆಂದು ವೇದಿಕೆಯ ಮೇಲೆಯೇ ಪ್ರತಿಜ್ಞೆ ಮಾಡಿಸಿದ್ದು ಸಣ್ಣ ಕೆಲಸವಲ್ಲ. ಅದಕ್ಕೆ ನಾಡು ಕೃತಜ್ಞವಾಗಿದೆ.

ಆದರೆ ಕಲ್ಯಾಣ ಮಹೋತ್ಸವದ ಮರುದಿನದಿಂದ ಆ ದಂಪತಿಗಳ ಹೊಣೆ ಯಾರದು? ಎರಡು ಮೂರು ವರ್ಷ ಕಳೆದು ಅದೇ ಹೆಣ್ಣುಮಗಳು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಮಠದ ಪಡಸಾಲೆಗೆ ಬಂದು ಅಳುತ್ತ ಕುಳಿತಾಗ ಅವಳಿಗೆ ಕೊಡಲು ನಮ್ಮ ಬಳಿ ಏನಿದೆ? ಒಂದೇ ಒಂದು ಮಾತಿದೆ: 'ಹೊಂದಿಕೊಂಡು ಹೋಗವ್ವಾ.' ಈ ಲೇಖನ ಆ ಮಾತಿನ ವಿರುದ್ಧ. ಆ ಮಾತಿನ ಜಾಗದಲ್ಲಿ ಏನಿರಬೇಕು, ಅದನ್ನು ತರುವ ಶಕ್ತಿ ಯಾರಿಗಿದೆ ಎಂಬುದೂ ಇಲ್ಲಿನ ವಿಷಯ.

ಮೊದಲು ಒಂದು ಅಂಕಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019-21ರಲ್ಲಿ ನಡೆಯಿತು. ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. 2015-16ರ ಸುತ್ತಿನಲ್ಲಿ ಈ ಪ್ರಮಾಣ ಶೇ. 20ರ ಆಸುಪಾಸಿನಲ್ಲಿತ್ತು. ದೇಶದ ರಾಜ್ಯಗಳ ಪೈಕಿ ಇದೇ ಅತಿ ಹೆಚ್ಚು. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂದು ಬಲ್ಲವರು ವಾದಿಸಲಿ. ಎರಡರಲ್ಲಿ ಯಾವುದು ನಿಜವಾದರೂ ಬಸವಣ್ಣನ ನಾಡಿಗೆ ಇದು ತಲೆತಗ್ಗಿಸುವ ಅಂಕಿ. ನಮ್ಮ ಮನೆಗಳು ಈ ಲೆಕ್ಕದಿಂದ ಹೊರಗಿವೆ ಎಂದು ಎದೆಮುಟ್ಟಿ ಹೇಳಬಲ್ಲವರು ಇದ್ದರೆ ಮುಂದೆ ಬರಲಿ.

ಪಡಸಾಲೆಯಲ್ಲಿ ನಡೆಯುವುದೇನು?

ನಮ್ಮಲ್ಲಿ ಸಂಸಾರದ ಪಂಚಾಯಿತಿ ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹುಡುಗನ ಕಡೆಯವರು ಒಂದು ಟೆಂಪೋ, ಹುಡುಗಿಯ ಕಡೆಯವರು ಒಂದು ಟೆಂಪೋ. ನಡುವೆ ಊರ ಹಿರಿಯರು, ಒಬ್ಬ ಮಾಜಿ ಸದಸ್ಯರು, ಸಂಬಂಧ ಕುದುರಿಸಿದವರು. ಮಾತಾಡುವವರು ಇಪ್ಪತ್ತು ಮಂದಿ; ಬಾಳ್ವೆ ಮಾಡಬೇಕಾದ ಇಬ್ಬರು ಮೂಲೆಯಲ್ಲಿ ತಲೆತಗ್ಗಿಸಿ ಕುಳಿತಿರುತ್ತಾರೆ. ಹುಡುಗಿಯನ್ನು ಕೇಳುವ ಪ್ರಶ್ನೆ ಒಂದೇ: 'ಹೋಗ್ತೀಯೋ ಇಲ್ಲೋ?' ಅಷ್ಟು ಗಂಡಸರ ಮುಂದೆ, ಅತ್ತೆ ಮಾವನ ಮುಂದೆ, ಹೊಡೆದವನ ಮುಂದೆ ಅವಳು ಏನು ಹೇಳಿಯಾಳು? ತವರಿನವರಿಗೂ ಅವಳನ್ನು ಕಳಿಸಿದರೆ ಸಾಕಾಗಿರುತ್ತದೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬ ಗಾದೆಯೊಂದು ಬಾಯಲ್ಲಿ ಸಿದ್ಧವಾಗಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಇನ್ನೊಂದು ಗಾದೆ ಹೇಳಿ ಎಲ್ಲರೂ ನಗುತ್ತಾರೆ. ಪ್ರಸಾದ ಆಗುತ್ತದೆ, ಟೆಂಪೋಗಳು ಹೊರಡುತ್ತವೆ. ಪ್ರಕರಣ ಮುಗಿಯಿತು ಎಂದು ನಾವು ಬರೆದುಕೊಳ್ಳುತ್ತೇವೆ.

ಇದು ರಾಜಿ. ರಾಜಿಗೂ ನ್ಯಾಯಕ್ಕೂ ವ್ಯತ್ಯಾಸವಿದೆ. ನ್ಯಾಯಕ್ಕೂ ಸಮಾಲೋಚನೆಗೂ ವ್ಯತ್ಯಾಸವಿದೆ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠಕ್ಕೆ ಜನ ದೂರದೂರದಿಂದ ಬರುತ್ತಾರೆ. ಕೋರ್ಟು ಕಚೇರಿ ಅಲೆದು ಬೇಸತ್ತವರು ಅಲ್ಲಿ ನಂಬಿಕೆಯಿಡುತ್ತಾರೆ. ಮಠದ ಮಾತಿಗೆ ಜನ ಎಷ್ಟು ತೂಕ ಕೊಡುತ್ತಾರೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ನ್ಯಾಯಪೀಠದ ಕೆಲಸ ತಪ್ಪು ಒಪ್ಪು ಹೇಳುವುದು. ಹೊಲದ ಬದುವಿನ ಜಗಳಕ್ಕೆ ಅದು ಬೇಕು, ಆಸ್ತಿ ಪಾಲಿಗೆ ಅದು ಬೇಕು. ಗಂಡ ಹೆಂಡಿರು ಆರು ತಿಂಗಳಿಂದ ಯಾಕೆ ಮಾತು ಬಿಟ್ಟಿದ್ದಾರೆ ಎಂಬುದು ತೀರ್ಪಿನಿಂದ ಬಗೆಹರಿಯುವ ಸಂಗತಿಯಲ್ಲ. ಅದಕ್ಕೆ ಬೇರೆ ವಿದ್ಯೆ ಬೇಕು. ಆ ವಿದ್ಯೆಯನ್ನು ಕಲಿತು ಬರಬೇಕು.

ಆ ವಿದ್ಯೆ ಏನು?

'ಮಾತಾಡಿಸಿ ಸಮಾಧಾನ ಮಾಡುವುದಕ್ಕೆ ಎಂ.ಎ. ಯಾಕೆ ಬೇಕು?' ಎಂದು ಕೇಳುವವರಿದ್ದಾರೆ. ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ವಿವಾಹ ಮತ್ತು ಕುಟುಂಬ ಸಮಾಲೋಚನೆ ಕಲಿಯುವವರು ಮೊದಲು ಕಲಿಯುವುದು ಕೇಳುವುದನ್ನು. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕು, ಆಮೇಲೆ ಒಟ್ಟಿಗೆ ಕೂರಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಹೊಡೆತ ಬಡಿತ ಇರುವ ಕಡೆ ಒಟ್ಟಿಗೆ ಕೂರಿಸಿದರೆ, ಅವಳು ಅಲ್ಲಿ ಆಡಿದ ಒಂದೊಂದು ಮಾತಿಗೂ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ನಮ್ಮ ಪಡಸಾಲೆಯಲ್ಲಿ ಮೊದಲು ಮಾಡುವ ಕೆಲಸವೇ ಒಟ್ಟಿಗೆ ಕೂರಿಸುವುದು!

ಎರಡನೆಯದು, ಕುಟುಂಬವನ್ನು ಓದುವುದು. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಮುಂತಾದವರು 1950ರ ದಶಕದಿಂದ ಒಂದು ಮಾತು ಒತ್ತಿ ಹೇಳಿದರು: ರೋಗ ಒಬ್ಬ ವ್ಯಕ್ತಿಯಲ್ಲಿ ಕಾಣಿಸಿಕೊಂಡರೂ ಅದರ ಬೇರು ಇಡೀ ಮನೆಯ ನಡವಳಿಕೆಯಲ್ಲಿರಬಹುದು. ಇಬ್ಬರ ನಡುವೆ ಬಿಗಿತ ಬಂದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಗಂಡ ತಾಯಿಯನ್ನು, ಹೆಂಡತಿ ಅಣ್ಣನನ್ನು, ಕೆಲವೊಮ್ಮೆ ಇಬ್ಬರೂ ಏನೂ ಅರಿಯದ ಮಗುವನ್ನು. ಅತ್ತೆ ಸೊಸೆ ಜಗಳ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ತಾಯಿ ಮಗ ಗಂಡ ಹೆಂಡತಿಯ ಈ ತ್ರಿಕೋನವೇ. ಅದಕ್ಕಾಗಿ ಸಮಾಲೋಚಕರು ಮೂರು ತಲೆಮಾರಿನ ನಕ್ಷೆ ಬರೆಯುತ್ತಾರೆ. ಯಾರು ಯಾರಿಗೆ ಹತ್ತಿರ, ಯಾರು ಯಾರಲ್ಲಿ ಮಾತು ಬಿಟ್ಟಿದ್ದಾರೆ, ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಆತ್ಮಹತ್ಯೆ. ಸೋದರಿಕೆಯ ಸಂಬಂಧಗಳು ಹೆಣೆದುಕೊಂಡಿರುವ ನಮ್ಮ ಮನೆಗಳಲ್ಲಿ ಅತ್ತೆಯೇ ಸೋದರತ್ತೆಯೂ ಆಗಿರುತ್ತಾಳೆ. ಈ ನಕ್ಷೆ ಅಮೆರಿಕದವರಿಗಿಂತ ನಮಗೇ ಹೆಚ್ಚು ಬೇಕು.

ಮೂರನೆಯದು, ಜಗಳದ ಬಗೆಯನ್ನು ಗುರುತಿಸುವುದು. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಜಾನ್ ಗಾಟ್‌ಮನ್ ನಾಲ್ಕು ನಡವಳಿಕೆಗಳು ಸಂಸಾರವನ್ನು ಮುರಿಯುತ್ತವೆ ಎಂದರು: ವ್ಯಕ್ತಿಯನ್ನೇ ಹಳಿಯುವುದು, ತಾತ್ಸಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು, ಮಾತು ಬಿಟ್ಟು ಗೋಡೆಯಂತೆ ಕೂರುವುದು. ಇವುಗಳಲ್ಲಿ ತಾತ್ಸಾರ ಅತಿ ಕೆಟ್ಟದ್ದು. ಜಗಳವೇ ಆಡದ ಮನೆ ಚೆನ್ನಾಗಿದೆ ಎಂಬ ನಮ್ಮ ನಂಬಿಕೆ ಎಷ್ಟು ಪೊಳ್ಳು ಎಂಬುದು ಇದರಿಂದ ತಿಳಿಯುತ್ತದೆ.

ನಾಲ್ಕನೆಯದು, ಕಾಯಿಲೆಯನ್ನು ಕಾಯಿಲೆ ಎಂದು ಗುರುತಿಸುವುದು. ಹೆರಿಗೆಯ ನಂತರ ಮಂಕಾಗಿ ಕೂತವಳನ್ನು 'ಸೋಮಾರಿ' ಎನ್ನುತ್ತೇವೆ. ಅದು ಖಿನ್ನತೆ ಇರಬಹುದು. ಹೆಂಡತಿಯ ಮೇಲೆ ಹಗಲಿರುಳು ಸಂಶಯ ಪಡುವವನನ್ನು 'ಪ್ರೀತಿ ಜಾಸ್ತಿ' ಎನ್ನುತ್ತೇವೆ. ಅದು ಚಿಕಿತ್ಸೆ ಬೇಕಾದ ಮನೋರೋಗ ಇರಬಹುದು. 'ಅಡುಗೆ ಸರಿಯಿಲ್ಲ' ಎಂದು ಮದುವೆಯಾದ ಮೂರೇ ತಿಂಗಳಿಗೆ ತವರಿಗೆ ಕಳಿಸಿದ ಪ್ರಕರಣದ ಹಿಂದೆ ಹಾಸಿಗೆಯ ಸಮಸ್ಯೆ ಅಡಗಿರಬಹುದು. ಇಪ್ಪತ್ತು ಜನರ ಮುಂದೆ ಅದನ್ನು ಯಾವ ಹೆಣ್ಣೂ ಹೇಳುವುದಿಲ್ಲ, ಯಾವ ಗಂಡೂ ಹೇಳುವುದಿಲ್ಲ. ಕದ ಮುಚ್ಚಿದ ಕೋಣೆ, ಗುಟ್ಟು ಕಾಯುವ ಕಿವಿ ಇದ್ದರೆ ಹೇಳಿಯಾರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬವನ್ನೇ ಸೇರಿಸಿಕೊಂಡು ಚಿಕಿತ್ಸೆ ನೀಡುವ ಪರಿಪಾಠ ಬಹಳ ಹಿಂದಿನಿಂದ ಇದೆ. ಅಂದರೆ ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಬೆಂಗಳೂರಿನಿಂದ ಆಚೆಗೆ ಬಂದಿಲ್ಲ, ಅಷ್ಟೆ.

ಐದನೆಯದು, ತನ್ನನ್ನು ತಾನು ನೋಡಿಕೊಳ್ಳುವುದು. ಸಮಾಲೋಚಕರಿಗೂ ಒಂದು ಮನೆ ಇದೆ, ಒಂದು ಜಾತಿ ಇದೆ, ಒಂದು ಪೂರ್ವಗ್ರಹ ಇದೆ. ಅದು ಕೆಲಸದೊಳಗೆ ನುಗ್ಗದಂತೆ ನೋಡಿಕೊಳ್ಳಲು ಅನುಭವಿಗಳ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಪಳಗಬೇಕು. ಈ ವೃತ್ತಿಗೆ ಪರವಾನಗಿ ಕೊಡುವ ಕಾನೂನನ್ನು 1963ರಲ್ಲೇ ಮಾಡಿದ ಕ್ಯಾಲಿಫೋರ್ನಿಯಾದಲ್ಲಿ ಸ್ನಾತಕೋತ್ತರ ಪದವಿಯ ಜೊತೆಗೆ 3,000 ಗಂಟೆಗಳ ಮೇಲ್ವಿಚಾರಿತ ಅನುಭವ, ಅದೂ ಕನಿಷ್ಠ 104 ವಾರಗಳಲ್ಲಿ, ಬೇಕು. ಪರೀಕ್ಷೆ ಬೇರೆ. ನಮ್ಮ ನ್ಯಾಯಾಲಯಗಳ ಮಧ್ಯಸ್ಥಿಕೆ ಕೇಂದ್ರಗಳ ಮಧ್ಯಸ್ಥರಿಗೆ 40 ಗಂಟೆಗಳ ತರಬೇತಿ ಇದೆ. ನಮ್ಮ ಪಡಸಾಲೆಯ ಹಿರಿಯರಿಗೆ ಎಷ್ಟು ಗಂಟೆ? ಸೊನ್ನೆ.

ಕಾನೂನು ಏನು ಹೇಳುತ್ತದೆ?

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ದಂಪತಿಗಳ ನಡುವೆ ರಾಜಿಗೆ ಮೊದಲು ಪ್ರಯತ್ನಿಸಬೇಕು ಎನ್ನುತ್ತದೆ, ಅದಕ್ಕೆ ಸಮಾಲೋಚಕರನ್ನು ನೇಮಿಸಲು ಅವಕಾಶ ಕೊಡುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆಯಡಿ 2006ರಲ್ಲಿ ಮಾಡಿದ ನಿಯಮಗಳು ಇನ್ನೂ ಸ್ಪಷ್ಟ. ವಿವಾದದಲ್ಲಿ ಆಸಕ್ತಿ ಇರುವವರು, ಯಾವುದೇ ಕಡೆಯ ಬಂಧುಗಳು, ಎರಡೂ ಕಡೆಯವರು ಲಿಖಿತವಾಗಿ ಒಪ್ಪದ ಹೊರತು, ಸಮಾಲೋಚಕರಾಗುವಂತಿಲ್ಲ. ಸಾಧ್ಯವಾದಷ್ಟೂ ಸಮಾಲೋಚಕರು ಮಹಿಳೆಯರಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಡೆದದ್ದನ್ನು ಸಮರ್ಥಿಸಿಕೊಳ್ಳುವ ಮಾತಿಗೆ ಆ ಸಮಾಲೋಚನೆಯಲ್ಲಿ ಜಾಗವೇ ಇಲ್ಲ.

ಈ ನಿಯಮಗಳನ್ನು ನಮ್ಮ ಪಂಚಾಯಿತಿಯ ಪಕ್ಕದಲ್ಲಿಟ್ಟು ನೋಡಿ. ಕೂತವರೆಲ್ಲ ಬಂಧುಗಳು. ಕೂತವರೆಲ್ಲ ಗಂಡಸರು. ಮಾತಿನ ಮುಕ್ಕಾಲು ಪಾಲು 'ಅವನು ಸುಮ್ಮನೆ ಹೊಡೆದನೇ? ಇವಳೂ ಏನೋ ಅಂದಿರಬೇಕು' ಎಂಬುದೇ. ಸರ್ಕಾರದ ನಿಯಮ ಬೇಡವೆಂದದ್ದೆಲ್ಲವನ್ನೂ ನಾವು ಧರ್ಮದ ಹೆಸರಿನಲ್ಲಿ ಮಾಡುತ್ತಿದ್ದೇವೆ.

ಇನ್ನೊಂದು ಅಪಾಯ ಹೊರಗೆ ಬೆಳೆಯುತ್ತಿದೆ. ಚಿಕಿತ್ಸಾ ಮನಃಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆದರೆ ಶನಿವಾರ ಭಾನುವಾರದ ಒಂದು ಶಿಬಿರದ ಸರ್ಟಿಫಿಕೇಟು ಹಿಡಿದು 'ಮ್ಯಾರೇಜ್ ಕೌನ್ಸೆಲರ್' ಎಂದು ಬೋರ್ಡು ಹಾಕಿಕೊಳ್ಳುವವರನ್ನು ಇದುವರೆಗೆ ತಡೆದವರಿಲ್ಲ. ಅವರ ಪಕ್ಕದ ಅಂಗಡಿಯಲ್ಲೇ ವಶೀಕರಣದ ಜ್ಯೋತಿಷಿ ಕೂತಿದ್ದಾನೆ. ದುಃಖದಲ್ಲಿರುವವರಿಗೆ ಇಬ್ಬರ ವ್ಯತ್ಯಾಸ ತಿಳಿಯುವುದು ಹೇಗೆ? 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಸಮಾಲೋಚಕರನ್ನೂ ಸಾಮಾಜಿಕ ಕಾರ್ಯಕರ್ತರನ್ನೂ ತನ್ನ ಪಟ್ಟಿಗೆ ಸೇರಿಸಿದೆ. ಪಠ್ಯಕ್ರಮ, ನೋಂದಣಿಗಳು ರೂಪುಗೊಳ್ಳುತ್ತಿರುವ ಕಾಲ ಇದು. ಕನ್ನಡದಲ್ಲಿ, ಕನ್ನಡದ ಮನೆಗಳಿಗಾಗಿ ಒಂದು ಕೋರ್ಸು ಕಟ್ಟುವುದಿದ್ದರೆ ಈಗಲೇ ಕಟ್ಟಬೇಕು.

ಆಕ್ಷೇಪಗಳಿಗೆ ಉತ್ತರ

'ಗುರು ಹಿರಿಯರಿರುವಾಗ ಇದೆಲ್ಲ ಯಾಕೆ?' ಹಿರಿಯರ ಅನುಭವಕ್ಕೆ ಬೆಲೆಯಿದೆ. ಆದರೆ ಕಾಲು ಮುರಿದಾಗ ಮೂಳೆ ಡಾಕ್ಟರರ ಹತ್ತಿರ ಹೋಗುವವರೂ ಈ ಹಿರಿಯರೇ. ಮನಸ್ಸು ಮುರಿದಾಗ ಮಾತ್ರ ಕಲಿತವರು ಬೇಡವೇ?

'ಸಂಸಾರ ಬಿಟ್ಟ ಸ್ವಾಮಿಗಳಿಗೆ ಸಂಸಾರದ ಗೊಡವೆ ಯಾಕೆ?' ಎಂದು ಇನ್ನೊಂದು ಕಡೆಯವರು ಕುಹಕವಾಡುತ್ತಾರೆ. ಈ ಮಾತನ್ನೂ ನಾನು ಒಪ್ಪುವುದಿಲ್ಲ. ಹೃದ್ರೋಗ ತಜ್ಞರಿಗೆ ಹೃದ್ರೋಗ ಬಂದಿರಬೇಕಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವರು ತಮ್ಮ ಸಂಸಾರವೊಂದನ್ನೇ ಬಲ್ಲರು. ಅದನ್ನೇ ಎಲ್ಲರ ಮೇಲೆ ಹೇರುತ್ತಾರೆ. ಕೊರತೆ ಇರುವುದು ಸಂಸಾರದ ಅನುಭವದಲ್ಲಲ್ಲ, ತರಬೇತಿಯಲ್ಲಿ. ಕಲಿತು ಬಂದ ಸ್ವಾಮಿಗಳು ಕಲಿಯದ ಗೃಹಸ್ಥರಿಗಿಂತ ಉತ್ತಮ ಸಮಾಲೋಚಕರಾಗಬಲ್ಲರು.

'ಇದರಿಂದ ವಿಚ್ಛೇದನ ಹೆಚ್ಚುತ್ತದೆ.' ಮುರಿಯಬೇಕಾದ ಮದುವೆ ಮುರಿದರೆ ಏನು ನಷ್ಟ? ಹರಿಹರನ ರಗಳೆಯಲ್ಲಿ ಅಕ್ಕಮಹಾದೇವಿ ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ, ಅವನು ಷರತ್ತು ಮುರಿದಾಗ ಹೊರಟು ಬಿಡುತ್ತಾಳೆ. ಕಲ್ಯಾಣಕ್ಕೆ ಬಂದ ಅವಳನ್ನು ಅಲ್ಲಮಪ್ರಭುಗಳು ಕಠಿಣವಾಗಿಯೇ ಪ್ರಶ್ನಿಸಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಆದರೆ ಅರಮನೆಗೆ ಹಿಂತಿರುಗಿ ಹೊಂದಿಕೊಂಡು ಹೋಗು ಎಂದು ಅನುಭವ ಮಂಟಪ ಅವಳಿಗೆ ಹೇಳಲಿಲ್ಲ. ಅವಳ ಮಾತು ಕೇಳಿತು, ಅವಳಿಗೆ ಅಕ್ಕನ ಸ್ಥಾನ ಕೊಟ್ಟಿತು. ಅವಳ ಭಾವಚಿತ್ರದ ಕೆಳಗೆ ಕುಳಿತೇ ಇವತ್ತು ನಾವು ಹೆಣ್ಣುಮಕ್ಕಳನ್ನು ಹೊಡೆಯುವವರ ಮನೆಗೆ ವಾಪಸು ಕಳಿಸುತ್ತಿದ್ದೇವೆ. ಇದಕ್ಕಿಂತ ದೊಡ್ಡ ವಿಡಂಬನೆ ಬೇಕೇ?

'ಇದು ಪಾಶ್ಚಾತ್ಯ ವಿದ್ಯೆ.' ಎಂ.ಬಿ.ಬಿ.ಎಸ್. ಯಾವ ದೇಶದ್ದು? ಎಂಜಿನಿಯರಿಂಗ್ ಯಾವ ದೇಶದ್ದು? ಜೊತೆಗೆ ನಮ್ಮವರದೇ ಒಂದು ಚಾಳಿಯನ್ನೂ ಹೇಳಬೇಕು. ಯಾವ ಹೊಸ ವಿದ್ಯೆಯ ಮಾತು ಬಂದರೂ 'ಇದೆಲ್ಲ ಹನ್ನೆರಡನೇ ಶತಮಾನದಲ್ಲೇ ಶರಣರು ಹೇಳಿದ್ದರು' ಎಂದು ಕೈತೊಳೆದುಕೊಳ್ಳುವುದು. ಶರಣರು ಖಿನ್ನತೆಯ ಚಿಕಿತ್ಸೆ ಹೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವರು ಕೊಟ್ಟದ್ದು ಮೌಲ್ಯ: ಗಂಡು ಹೆಣ್ಣು ಸಮಾನರು, ಪ್ರಶ್ನೆಗೆ ಅಂಜಬಾರದು, ಮಾಡುವ ಕಾಯಕ ಶುದ್ಧವಾಗಿರಬೇಕು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದು ಹೇಳಿದವಳು ಲಕ್ಕಮ್ಮ. ತಿದ್ದಿಕೊಂಡವನು ಗಂಡ. ಈ ಮೌಲ್ಯವನ್ನು ಇಂದಿನ ಮನೆಯಲ್ಲಿ ಉಳಿಸಲು ಇಂದಿನ ವಿದ್ಯೆ ಬೇಕು. ಕಲಿಯದೆ ಮಾಡುವ ಕಾಯಕ ಶುದ್ಧ ಕಾಯಕವಾಗುವುದಿಲ್ಲ.

'ಹಣ ಎಲ್ಲಿದೆ?' ಇದೊಂದು ಪ್ರಶ್ನೆಯನ್ನು ಮಠಗಳು ಕೇಳಬಾರದು. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ 1954ರಲ್ಲಿ ಹುಟ್ಟಿ ಇಂದು ವೈದ್ಯಕೀಯ ವಿಶ್ವವಿದ್ಯಾಲಯದವರೆಗೆ ಬೆಳೆದಿದೆ. ಸಿದ್ಧಗಂಗೆಯಲ್ಲಿ ತಾಂತ್ರಿಕ ಕಾಲೇಜು 1963ರಲ್ಲೇ ಬಂತು. ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ವಿಶ್ವವಿದ್ಯಾಲಯವಿದೆ. ಗುಡ್ಡ ಅಗೆದು ಎಂಜಿನಿಯರಿಂಗ್ ಕಾಲೇಜು ಕಟ್ಟಿದವರಿಗೆ ಒಂದು ವಿಭಾಗ, ನಾಲ್ಕು ಕೋಣೆ, ಆರು ಜನ ಅಧ್ಯಾಪಕರು ಭಾರವೇ? ನಿಮ್ಮ ನಿಮ್ಮ ಮಠದ ವಿದ್ಯಾಸಂಸ್ಥೆಯ ಕೋರ್ಸುಗಳ ಪಟ್ಟಿ ತೆಗೆದು ನೋಡಿ. ಮನೆ ಕಟ್ಟುವುದನ್ನು ಕಲಿಸುವ ಸಿವಿಲ್ ವಿಭಾಗ ಇರುತ್ತದೆ. ಮನೆ ಒಡೆಯದಂತೆ ನೋಡಿಕೊಳ್ಳುವುದನ್ನು ಕಲಿಸುವ ವಿಭಾಗ ಎಲ್ಲಿದೆ?

ಮಾಡಬೇಕಾದದ್ದು

ಒಂದು: ಮಠಗಳ ವಿಶ್ವವಿದ್ಯಾಲಯಗಳು, ದೊಡ್ಡ ಕಾಲೇಜುಗಳು ವಿವಾಹ ಮತ್ತು ಕುಟುಂಬ ಸಮಾಲೋಚನೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಆರಂಭಿಸಲಿ. ಪಾಠ, ಅಭ್ಯಾಸ ಕನ್ನಡದಲ್ಲಿ ನಡೆಯಲಿ. ಕೌಜಲಗಿಯ ಹೆಣ್ಣುಮಗಳು ತನ್ನ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಸೀಟು ಹೆಣ್ಣುಮಕ್ಕಳಿಗಿರಲಿ. ಒಳಪಂಗಡ ನೋಡದೆ, ಜಾತಿ ನೋಡದೆ ಎಲ್ಲರಿಗೂ ಬಾಗಿಲು ತೆರೆದಿರಲಿ.

ಎರಡು: ಓದು ತರಗತಿಯಲ್ಲಿ ಮುಗಿಯದಿರಲಿ. ಮಠಗಳ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಸಾಂತ್ವನ ಕೇಂದ್ರಗಳಲ್ಲಿ, ಕುಟುಂಬ ನ್ಯಾಯಾಲಯಗಳಲ್ಲಿ ಅನುಭವಿಗಳ ಕಣ್ಗಾವಲಿನಲ್ಲಿ ನೂರಾರು ಗಂಟೆ ಕೆಲಸ ಮಾಡಿದವರಿಗೆ ಮಾತ್ರ ಪದವಿ ಸಿಗಲಿ.

ಮೂರು: ಹಿಂಸೆಯ ಪ್ರಕರಣಗಳಲ್ಲಿ ಪಡಸಾಲೆಯ ರಾಜಿಯನ್ನು ಮಠಗಳು ಇಂದೇ ನಿಲ್ಲಿಸಲಿ. ಅಂಥವರಿಗೆ 181 ಮಹಿಳಾ ಸಹಾಯವಾಣಿ, ಸಖಿ ಕೇಂದ್ರ, ತಾಲ್ಲೂಕಿನ ರಕ್ಷಣಾಧಿಕಾರಿಯ ದಾರಿ ತೋರಿಸಲಿ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಹೋಗಲಿ. ಈ ಸಂಖ್ಯೆಗಳು ಪ್ರತಿ ಮಠದ ದಾಸೋಹದ ಗೋಡೆಯ ಮೇಲೆ ಬರೆದಿರಲಿ.

ನಾಲ್ಕು: ಸಾಮೂಹಿಕ ಕಲ್ಯಾಣ ಮಹೋತ್ಸವಕ್ಕೆ ಹೆಸರು ಬರೆಸುವ ಜೋಡಿಗಳಿಗೆ ಕನಿಷ್ಠ ಎರಡು ಬಾರಿ ವಿವಾಹಪೂರ್ವ ಸಮಾಲೋಚನೆ ಕಡ್ಡಾಯವಾಗಲಿ. ಈ ಮದುವೆ ತನಗೆ ಇಷ್ಟವೇ ಎಂದು ಹುಡುಗಿಯನ್ನು ಒಂಟಿಯಾಗಿ ಕೇಳಲಿ. ಹುಡುಗನ ದುಡಿಮೆ, ಸಾಲ, ಕುಡಿತದ ಮಾತು ಅಲ್ಲೇ ಹೊರಬೀಳಲಿ. ಮದುವೆಯ ನಂತರದ ವರ್ಷದಲ್ಲಿ ಇನ್ನೆರಡು ಬಾರಿ ಕರೆಸಲಿ.

ಐದು: ಇಳಕಲ್ಲಿನ ಮಹಾಂತಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಅನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಒಡೆದ ಸಂಸಾರಗಳಲ್ಲಿ ಕುಡಿತದ ಪಾಲು ಎಷ್ಟೆಂದು ಅವರಿಗೆ ಗೊತ್ತಿತ್ತು. ಜೋಳಿಗೆಗೆ ಚಟ ಹಾಕಿದವನ ಕೈ ಮತ್ತೆ ನಡುಗಿದಾಗ ಹಿಡಿಯಲು ತರಬೇತಾದ ಕೈಯೊಂದು ಊರಿನಲ್ಲಿರಬೇಕು. ಪ್ರತಿಜ್ಞೆಯ ಜೊತೆಗೆ ಚಿಕಿತ್ಸೆ, ಚಿಕಿತ್ಸೆಯ ಜೊತೆಗೆ ಆ ಮನೆಯ ಹೆಂಡತಿ ಮಕ್ಕಳಿಗೆ ಸಮಾಲೋಚನೆ ಸಿಗಲಿ.

ಆರು: ಕಲಿತು ಬಂದವರಿಗೆ ಸಂಬಳ ಕೊಡಿ. 'ಸೇವೆ ಎಂದು ಮಾಡಮ್ಮ' ಎಂಬ ಮಾತು ಬೇಡ. ಎಂಜಿನಿಯರಿಂಗ್ ಅಧ್ಯಾಪಕರಿಗೆ ಸಂಬಳ ಕೊಟ್ಟು ಸಮಾಲೋಚಕಿಗೆ ಶಾಲು ಹೊದಿಸಿ ಕಳಿಸಿದರೆ ಒಳ್ಳೆಯವರಾರೂ ಈ ಕಾಯಕದಲ್ಲಿ ಉಳಿಯುವುದಿಲ್ಲ.

ಶರಣ ಬಂಧುಗಳೇ, ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಇದನ್ನು ಚರ್ಚೆಗಿಡಿ. ನಿಮ್ಮ ಪೂಜ್ಯರ ಮುಂದೆ ಭಯವಿಲ್ಲದೆ ಕೇಳಿ. ಪ್ರಶ್ನೆ ಕೇಳುವುದನ್ನು ಕಲಿಸಿದ ಪರಂಪರೆ ನಮ್ಮದು. ಪೂಜ್ಯರಲ್ಲಿಯೂ ನಮ್ರ ವಿನಂತಿ: ಮಠದ ಮಾತಿಗೆ ಇರುವ ತೂಕವೇ ಇಲ್ಲಿನ ಅಪಾಯ. ಬೇರೆ ಯಾರೋ ಹೋಗು ಎಂದರೆ ಆ ಹೆಣ್ಣುಮಗಳು ಯೋಚಿಸಿಯಾಳು. ಅಪ್ಪಗಳು ಹೋಗು ಎಂದರೆ ಹೋಗಿಬಿಡುತ್ತಾಳೆ. ಅಲ್ಲಿ ಅವಳಿಗೆ ಏನಾದರೂ ಆದರೆ ಆ ಮಾತಿನ ಹೊಣೆ ನಮ್ಮೆಲ್ಲರ ಮೇಲಿರುತ್ತದೆ.